ಬೆಂಚಕ್ಕ ಕಿತ್ತ ಹಾಳೆಗಳು

ಮೂರನೇ ಕ್ಲಾಸಿನ ಮಕ್ಕಳ ಬೆಂಚು ಎಷ್ಟು ಗಿಡ್ಡ ಅನ್ನುವುದು ದೊಡ್ಡವರಿಗೆ ಮರೆತುಹೋಗಿರುತ್ತದೆ. ಅದರಲ್ಲಿ ಕೂತರೆ ಮೊಣಕಾಲು ಡೆಸ್ಕಿನ ಹಲಗೆಗೆ ಬಡಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಏಳಬೇಕಾದರೆ ಎರಡೂ ಕೈ ಊರಬೇಕು. ಅಂಥ ಬೆಂಚಿನಲ್ಲಿ ನಲವತ್ತೈದು ದಾಟಿದ, ಮೈಕೈ ತುಂಬಿಕೊಂಡ ಹೆಂಗಸೊಬ್ಬಳು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಕೂರುತ್ತಿದ್ದಳು. ಕಿಟಕಿ ಪಕ್ಕದ ಸಾಲು, ಹಿಂದಿನಿಂದ ಎರಡನೆಯದು. ಮಕ್ಕಳು ಆಕೆಗೆ ಬೆಂಚಕ್ಕ ಅಂತ ಹೆಸರಿಟ್ಟರು. ಆಮೇಲೆ ಹೆಡ್ ಮೇಡಮ್ಮೂ ಹಾಗೇ ಕರೆಯತೊಡಗಿದರು.

ಆಕೆಯ ಪಕ್ಕದಲ್ಲಿ ಕೂತಿದ್ದವಳು ನನ್ನ ಮಗಳು. ಆದ್ದರಿಂದ ಬೆಂಚಕ್ಕನ ವಿಷಯ ಹೇಳುವ ಹಕ್ಕು ನನಗಿದೆ. ಆಕೆಯ ಮೇಲೆ ನನ್ನಷ್ಟು ಅನುಮಾನಪಟ್ಟವನು ಇನ್ನೊಬ್ಬನಿಲ್ಲ. ಒಬ್ಬರ ಮೇಲೆ ಅನುಮಾನ ಬಂದರೆ ಅವರನ್ನು ನೋಡಿದಷ್ಟು ಹತ್ತಿರದಿಂದ ಹೆತ್ತವರನ್ನೂ ನಾವು ನೋಡಿರುವುದಿಲ್ಲ.

ನನ್ನ ಕೆಲಸ ಪುಸ್ತಕ ಬೈಂಡಿಂಗು. ಶಾಲೆಯ ಹಿಂದಿನ ಬೀದಿಯಲ್ಲಿ ಅಂಗಡಿ. ಶಾಲೆಯ ಹಾಜರಿ ರಿಜಿಸ್ಟರಿನಿಂದ ಹಿಡಿದು ಲೈಬ್ರರಿಯ ಹರಿದ ಪುಸ್ತಕಗಳವರೆಗೆ ಹೊಲಿದು ರಟ್ಟು ಹಾಕಿ ಕೊಡುವವನು ನಾನೇ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ನಾನು ಹುಟ್ಟಾ ಎಡಚ. ನಮ್ಮ ಮೇಷ್ಟ್ರು ನನ್ನ ಎಡಗೈಯನ್ನು ಟವಲಿನಿಂದ ಬೆಂಚಿನ ಕಾಲಿಗೆ ಕಟ್ಟಿ, ಬಲಗೈಯಲ್ಲಿ ಒಂದೇ ಅಕ್ಷರವನ್ನು ದಿನಕ್ಕೆ ನೂರು ಸಲ ಬರೆಸುತ್ತಿದ್ದರು. ಒಂದು ದಿನ ಶಾಯಿ ಬಾಟಲಿ ಎತ್ತಿ ಅವರ ಮೇಜಿಗೆ ಅಪ್ಪಳಿಸಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಅಲ್ಲಿಂದ ಬೈಂಡಿಂಗ್ ಅಂಗಡಿಗೆ ಸೇರಿದೆ. ಅಲ್ಲಿನ ಮೇಸ್ತ್ರಿ ನಾನು ದಬ್ಬಣ ಹಿಡಿದ ಕೈ ನೋಡಿದ. ಎದ್ದು, ಹೊಲಿಗೆ ಹಾಕುವ ಮರದ ಚೌಕಟ್ಟನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟ. ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ನನ್ನ ಗಂಟು ಎಲ್ಲರ ಗಂಟಿಗಿಂತ ತಿರುವು ಮುರುವು. ನಾನು ಹೊಲಿದ ಪುಸ್ತಕವನ್ನು ಸಾವಿರದ ನಡುವೆ ಇಟ್ಟರೂ ಗಂಟು ನೋಡಿ ಎತ್ತಿಕೊಳ್ಳುತ್ತೇನೆ.

ಮಗಳ ಬಗ್ಗೆ ಹೇಳಬೇಕು. ಅವಳಿಗೆ ಹನ್ನೊಂದು ವರ್ಷ. ಮಾತು ನಿಧಾನ, ನಡಿಗೆ ನಿಧಾನ, ಬೆರಳುಗಳಲ್ಲಿ ಬಲವಿಲ್ಲ. ಒಂದು ಮಾತು ಹೇಳಿದರೆ ಅದು ಒಳಗೆ ಹೋಗಿ, ಕೂತು, ನೀರು ಕುಡಿದು, ಆಮೇಲೆ ಉತ್ತರ ತಗೊಂಡು ಹೊರಗೆ ಬರುತ್ತದೆ. ಆದರೆ ಬರುತ್ತದೆ. ಇದೇ ಶಾಲೆ ಅವಳನ್ನು ಎರಡು ಸಲ ಬಾಗಿಲಿನಿಂದಲೇ ವಾಪಸ್ ಕಳಿಸಿತ್ತು. "ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ" ಅಂದರು. ಬೇರೆ ಶಾಲೆಗೂ ಹಾಕಿದೆ. ಅಲ್ಲಿ ಮೂರು ವರ್ಷ ಅವಳ ಕೈಯಲ್ಲಿ ಬರೀ ಮಣಿ ಪೋಣಿಸುವುದನ್ನೇ ಮಾಡಿಸಿದರು. ಸಂಜೆ ಆ ಮಣಿಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದರು, ಮಾರನೇ ದಿನ ಮತ್ತೆ ಪೋಣಿಸಲಿಕ್ಕೆ.

ಹೀಗಿರುವಾಗ ಹೆಡ್ ಮೇಡಂ ಅವರೇ ನನ್ನ ಅಂಗಡಿಗೆ ಬಂದರೆ ನನಗೆ ಅನುಮಾನ ಬರಬೇಕೋ ಬೇಡವೋ?

"ಬೈಂಡರ್ ಅವರೇ, ನಿಮ್ಮ ಮಗಳನ್ನ ನಮ್ಮ ಶಾಲೆಗೆ ಕಳಿಸಿ. ಈಗ ಎಲ್ಲ ಮಕ್ಕಳೂ ಒಟ್ಟಿಗೆ ಕಲೀಬೇಕು ಅಂತ ಆಗಿದೆ. ಎಲ್ಲರೂ ಸಮ."

ನಾನು ಆಗ ಕಟಿಂಗ್ ಮಷೀನಿನ ಮುಂದೆ ನಿಂತಿದ್ದೆ.

"ಸಮ ಅಂದ್ರೆ ಹೆಂಗೆ ಮೇಡಂ? ಈ ಮಷೀನಿಗೆ ಪುಸ್ತಕ ಕೊಟ್ರೆ ಸಮ ಮಾಡುತ್ತೆ. ಒಳಗೊಂದು ದೊಡ್ಡ ನಕ್ಷೆ ಮಡಚಿಟ್ಟಿದ್ರೆ ಅದನ್ನೂ ಸೇರಿಸಿ ಕತ್ತರಿಸಿ ಸಮ ಮಾಡುತ್ತೆ. ಅಂಥ ಸಮವಾ?"

ಮೇಡಂ ನಗಲಿಲ್ಲ. "ಹಾಗಾದ್ರೆ ನಕ್ಷೆ ಇರೋ ಪುಸ್ತಕಾನ ನೀವು ಹೇಗೆ ಹೊಲೀತೀರಿ?" ಅಂದರು.

ಹೇಳಿದೆ. ನಕ್ಷೆಯಂಥ ದಪ್ಪನೆಯ ಹಾಳೆ ಸೇರಿಸಬೇಕಾದರೆ ಪುಸ್ತಕದ ಬೆನ್ನಿನಲ್ಲಿ ಕಿರಿದಾದ ಕಾಗದದ ಪಟ್ಟಿಗಳನ್ನು ಸೇರಿಸಿ ಹೊಲಿಯುತ್ತೇವೆ. ಆ ಪಟ್ಟಿಯ ಮೇಲೆ ಏನೂ ಬರೆದಿರುವುದಿಲ್ಲ, ಓದುವವರ ಕಣ್ಣಿಗೂ ಬೀಳುವುದಿಲ್ಲ. ಅವು ಇಲ್ಲದಿದ್ದರೆ ಪುಸ್ತಕ ಒಂದು ಕಡೆ ಊದಿಕೊಂಡು, ಕೊನೆಗೆ ಬೆನ್ನು ಬಿಡುತ್ತದೆ.

"ಅದನ್ನೇ ನಾವೂ ಮಾಡ್ತೀವಿ. ಕ್ಲಾಸಲ್ಲಿ ಪಕ್ಕದಲ್ಲೇ ಕೂರೋಕೆ ಒಬ್ಬರು ಸಹಾಯಕಿಯನ್ನ ಇಡ್ತೀವಿ. ಆದ್ರೆ ಒಂದು ವಿಷಯ ಈಗಲೇ ಹೇಳ್ತೀನಿ. ಸಹಾಯಕಿ ಇದ್ರೆ ಮಾತ್ರ ಕ್ಲಾಸು. ಅವರಿಲ್ಲ ಅಂದ್ರೆ ನಿಮ್ಮ ಮಗಳು ಮನೇಲಿ. ಒಬ್ಬ ಟೀಚರಿಗೆ ನಲವತ್ತು ಮಕ್ಕಳು, ನನ್ನ ಕೈಲಿ ಬೇರೆ ದಾರಿ ಇಲ್ಲ."

ಎರಡು ಸಲ ಬಾಗಿಲು ಹಾಕಿದವರ ಬಾಯಲ್ಲಿ ಇಷ್ಟು ಬೆಣ್ಣೆ ಯಾಕೆ ಅಂತ ನನ್ನ ತಲೆಯಲ್ಲಿ ಹುಳ ಓಡಾಡಿತು. ಮೇಲಿನಿಂದ ಕಾಗದ ಬಂದಿರಬೇಕು, ಇಂತಿಷ್ಟು ಇಂಥ ಮಕ್ಕಳು ಅಂತ ಲೆಕ್ಕ ತೋರಿಸಬೇಕಿರಬೇಕು. ಹೆಂಡತಿಗೆ ಹಾಗೇ ಹೇಳಿದೆ. "ಅವರಿಗೆ ಲೆಕ್ಕಕ್ಕೆ ಬೇಕು, ನಮಗೆ ಕಲಿಯೋಕೆ ಬೇಕು. ಕಳಿಸಿ ಸುಮ್ನೆ. ಎಲ್ಲರ ಹೊಟ್ಟೆ ಒಳಗೆ ಇಳಿದು ನೋಡೋಕೆ ನೀವೇನು ಡಾಕ್ಟರಾ?" ಅಂದಳು.

ಹೀಗೆ ಬೆಂಚಕ್ಕ ಬಂದದ್ದು. ಅದಕ್ಕೂ ಮುಂಚೆ ಒಂದು ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸು ಹೊದಿಕೆ ಒಗೆದು, ಮಡಚಿ, ಹರಿದದ್ದಕ್ಕೆ ಹೊಲಿಗೆ ಹಾಕುತ್ತಿದ್ದವಳಂತೆ. ಏಳನೇ ಕ್ಲಾಸು ಅಂತ ಹೇಳಿದ್ದಳು. ಸರ್ಟಿಫಿಕೇಟು ಮನೆ ಬದಲಾಯಿಸುವಾಗ ಕಳೆಯಿತಂತೆ. ಬೇರೆಯವರ ಮಗುವಿನ ಜೊಲ್ಲು ಒರೆಸುವ, ಬಾತ್‌ರೂಮಿಗೆ ಎತ್ತಿಕೊಂಡು ಹೋಗುವ ಕೆಲಸಕ್ಕೆ ಬೇರೆ ಯಾರೂ ಬಾರದ್ದರಿಂದ ಮೇಡಂ ಜಾಸ್ತಿ ಕೆದಕಲಿಲ್ಲ. ನಾನು ಕೆದಕಿದೆ, ಮನಸ್ಸಿನಲ್ಲೇ. ಕಳೆದುಹೋಗುವ ಸರ್ಟಿಫಿಕೇಟುಗಳ ಬಗ್ಗೆ ನನಗೆ ನಂಬಿಕೆಯಿಲ್ಲ.

ಮಗಳನ್ನು ಎತ್ತುವುದರಲ್ಲಿ, ಕೂರಿಸುವುದರಲ್ಲಿ ಆಕೆಯ ಕೈ ಎಷ್ಟು ಪಳಗಿತ್ತೆಂದರೆ ಅದೂ ನನಗೆ ಅನುಮಾನವೇ. ಇಷ್ಟು ಚೆನ್ನಾಗಿ ಎಲ್ಲಿ ಕಲಿತಳು? ಕೇಳಿದರೆ ನಕ್ಕು ಮಗಳ ಬ್ಯಾಗು ಎತ್ತಿಕೊಂಡು ನಡೆದುಬಿಡುತ್ತಿದ್ದಳು. ಅದರ ಮೇಲೆ ಇನ್ನೊಂದು: ಆಕೆ ನನ್ನ ಮಗಳನ್ನು "ಟೀಚರಮ್ಮ" ಅಂತ ಕರೆಯುತ್ತಿದ್ದಳು.

"ಬಾ ಟೀಚರಮ್ಮ, ಚಪ್ಪಲಿ ಹಾಕ್ಕೋ."

ಒಂದು ಅಕ್ಷರ ಬರೆಯಲು ಐದು ನಿಮಿಷ ತೆಗೆದುಕೊಳ್ಳುವ ಮಗುವಿಗೆ ಟೀಚರಮ್ಮ! ಗೇಲಿ ಮಾಡುವವರನ್ನು ನಾನು ಗುರುತು ಹಿಡಿಯುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ನನ್ನನ್ನು "ಸಾಹೇಬ್ರು" ಅಂತ ಕರೆಯುತ್ತಿದ್ದರು.

ಒಂದು ದಿನ ಗೇಟಿನಲ್ಲೇ ಕೇಳಿದೆ. "ಏನಮ್ಮಾ, ನನ್ನ ಮಗಳನ್ನ ಆಡ್ಕೋತೀಯಾ?"

"ಅಯ್ಯೋ ಇಲ್ಲ ಅಣ್ಣ. ಪ್ರೀತಿಗೆ ಕರೀತೀನಿ."

"ಪ್ರೀತಿಗೆ ಕರೆಯೋ ಹೆಸರು ನಮ್ಮನೇಲೇ ಹತ್ತಿವೆ. ನಿಂದು ಬೇಡ."

ಮಗಳು ನನ್ನ ಅಂಗಿ ಜಗ್ಗಿದಳು. "ಅಪ್ಪ... ನಾನು... ಟೀಚರಮ್ಮನೇ." ಅವಳೂ ಆಕೆಯ ಕಡೆಗೇ ಸೇರಿಕೊಂಡಿದ್ದಾಳೆ ಅನ್ನಿಸಿ ಇನ್ನಷ್ಟು ಉರಿಯಿತು.

ಆಮೇಲೆ ಮಾತ್ರೆಯ ವಿಷಯ. ಮಗಳಿಗೆ ಮಧ್ಯಾಹ್ನ ಊಟವಾದ ಮೇಲೆ ಒಂದು ಮಾತ್ರೆ. ಡಾಕ್ಟರು ಅದರ ಬದಲು ಜಾಸ್ತಿ ಪವರಿನದು ಬರೆದು, ಅರ್ಧಕ್ಕೆ ಇಳಿಸಿದರು. ಬೆಳಗ್ಗೆ ಅಂಗಡಿ ತುಂಬ ಕೆಲಸವಿತ್ತು. "ಇವತ್ತಿಂದ ಅರ್ಧ ಮಾತ್ರೆ" ಅಂತ ಚೀಟಿ ಬರೆದು ಬೆಂಚಕ್ಕನ ಕೈಗೆ ಕೊಟ್ಟು ಓಡಿದೆ. ಆಕೆ ಚೀಟಿಯನ್ನು ಮಡಚಿ, ತಲೆಯಾಡಿಸಿ ಇಟ್ಟುಕೊಂಡಳು. ಸಂಜೆ ಕರೆದುಕೊಂಡು ಬರಲು ಹೋದರೆ ಮಗಳು ಬೆಂಚಿನ ಮೇಲೇ ಮಲಗಿದ್ದಾಳೆ, ಎಬ್ಬಿಸಿದರೆ ಕಣ್ಣು ಬಿಡಲಾಗುತ್ತಿಲ್ಲ. ಇಡೀ ಮಾತ್ರೆ ಕೊಟ್ಟಿದ್ದಳು.

"ಚೀಟಿ ಓದ್ಲಿಲ್ವಾ ನೀನು?"

"ಕನ್ನಡಕ ಮನೇಲೇ ಉಳೀತು ಅಣ್ಣ. ತಪ್ಪಾಯ್ತು."

"ಕನ್ನಡಕ ಇಲ್ಲದಿದ್ರೆ ಟೀಚರ್ ಹತ್ರ ಓದಿಸ್ಬೇಕಿತ್ತು! ಮಗೂಗೆ ಏನಾದ್ರೂ ಆಗಿದ್ರೆ?"

ಶಾಲೆಯ ಅಂಗಳವೆಲ್ಲ ಕೇಳುವ ಹಾಗೆ ಕೂಗಿದೆ. ಆಕೆ ತಲೆ ತಗ್ಗಿಸಿ ಮಗಳ ಬ್ಯಾಗು ಜೋಡಿಸಿದಳು. ಮುಖ ಮಾತ್ರ ಸುಣ್ಣದ ಹಾಗಾಗಿತ್ತು. ಮಗಳು ಎರಡು ತಾಸಿನಲ್ಲಿ ಸರಿಹೋದಳು; ನಾನು ಸರಿಹೋಗಲಿಲ್ಲ. ಕನ್ನಡಕ ಯಾವಾಗಲೂ ಮನೆಯಲ್ಲೇ ಇರುವ ಹೆಂಗಸು ಏನನ್ನು ಓದುವುದನ್ನು ತಪ್ಪಿಸಿಕೊಳ್ಳುತ್ತಿದ್ದಾಳೆ? ಪಾಠ ಓದಿಸುವಾಗಲೂ "ನೀನೇ ಓದಿ ಹೇಳು ಟೀಚರಮ್ಮ" ಅಂತ ಮಗುವಿನ ಮೇಲೇ ಹಾಕುತ್ತಾಳೆ. ನಾನು ಕಿಟಕಿಯ ಹತ್ತಿರ ಹೋದರೆ ಸಾಕು, ನೋಟುಪುಸ್ತಕದ ಮೇಲೆ ಮೊಣಕೈ ಅಡ್ಡ ಬರುತ್ತದೆ. ಅವತ್ತಿನಿಂದ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ.

ಮಗಳ ನೋಟುಪುಸ್ತಕಗಳನ್ನು ಹೊಲಿಯುವವನೂ ನಾನೇ. ಇಪ್ಪತ್ತನಾಲ್ಕು ದೊಡ್ಡ ಹಾಳೆ, ನಡುವೆ ಮಡಚಿದರೆ ನಲವತ್ತೆಂಟು ಎಲೆ, ಮಡಿಕೆಯಲ್ಲಿ ಹೊಲಿಗೆ, ಒಳಗೆ ಗಂಟು. ಒಂದು ಸಂಜೆ ಪುಸ್ತಕ ಕೈಗೆತ್ತಿಕೊಂಡೆ. ಹೆಬ್ಬೆರಳಿಗೆ ದಪ್ಪ ಸಾಲಲಿಲ್ಲ. ಎಣಿಸಿದೆ. ನಲವತ್ತು. ಹರಿದ ಗುರುತು ಎಲ್ಲೂ ಇಲ್ಲ. ಎಲೆ ಹರಿದರೆ ಅದರ ಜೋಡಿ ಎಲೆ ಸಡಿಲವಾಗಬೇಕು, ಅದೂ ಇಲ್ಲ. ನಡುಹಾಳೆ ಬಿಡಿಸಿ ಗಂಟು ನೋಡಿದೆ.

ಗಂಟು ನನ್ನದಲ್ಲ. ಬಲಗೈಯವರ ಗಂಟು.

ಯಾರೋ ನನ್ನ ಹೊಲಿಗೆ ಬಿಚ್ಚಿ, ನಡುವಿನ ನಾಲ್ಕು ದೊಡ್ಡ ಹಾಳೆ ತೆಗೆದು, ಅದೇ ದಾರದಲ್ಲಿ ಮತ್ತೆ ಹೊಲಿದಿದ್ದರು. ಮಕ್ಕಳ ಕೆಲಸವಲ್ಲ ಇದು. ದಾರ ಸೂಜಿ ಬಲ್ಲ ಕೈ. ಲಾಂಡ್ರಿಯಲ್ಲಿ ಹೊಲಿಗೆ ಹಾಕಿದ ಕೈ.

ನಡುವೆ ಉಳಿದ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ತೆಗೆದ ಹಾಳೆಯ ಮೇಲೆ ಬರೆದದ್ದು ಕೆಳಗಿನ ಹಾಳೆಗೆ ಒತ್ತಿಕೊಂಡಿತ್ತು. ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಬೆರಳಿನಿಂದ ಮೆತ್ತಗೆ ಉಜ್ಜಿದೆ. ಒತ್ತಿದ ಗೆರೆಗಳು ಬೆಳ್ಳಗೆ ಎದ್ದು ಬಂದವು. ಕ. ಕ. ಕ. ಕ. ಸಾಲು ಸಾಲಾಗಿ, ಸೊಟ್ಟಪಟ್ಟ, ದೊಡ್ಡ ದೊಡ್ಡದು. ಕಾಗದವೇ ತೂತಾಗುವಷ್ಟು ಒತ್ತಿ ಒತ್ತಿ ಬರೆದದ್ದು. ಒಂದೇ ಹಾಳೆಯಲ್ಲಿ ಅರವತ್ತು ಎಣಿಸಿದೆ.

ಟವಲು, ಬೆಂಚಿನ ಕಾಲು, ದಿನಕ್ಕೆ ನೂರು ಸಲ ಒಂದೇ ಅಕ್ಷರ. ಎಲ್ಲ ಒಮ್ಮೆಲೇ ನೆತ್ತಿಗೇರಿತು. ನನ್ನ ಮಗಳ ಬಲವಿಲ್ಲದ ಬೆರಳಿನಲ್ಲಿ ಶಿಕ್ಷೆಗೆಂದು ಬರೆಸುತ್ತಾಳೆ, ಬರೆಸಿ ಹಾಳೆ ಕದಿಯುತ್ತಾಳೆ, ನನ್ನ ಕಣ್ಣಿಗೆ ಮಣ್ಣೆರಚಲು ನನ್ನದೇ ದಾರದಲ್ಲಿ ಹೊಲಿಯುತ್ತಾಳೆ!

ಆ ಕ್ಷಣವೇ ದೂರು ಬರೆದೆ. ಬಲಗೈಯಲ್ಲಿ ಬರೆದೆ, ಹೊಡೆದು ಕಲಿಸಿದ್ದು ಅದೊಂದೇ, ಎಡಗೈಗೆ ಬರವಣಿಗೆ ಇವತ್ತಿಗೂ ಬಾರದು. ಮಾತ್ರೆಯ ವಿಷಯ, ಹಾಳೆಯ ವಿಷಯ, ಗಂಟಿನ ವಿಷಯ ಎಲ್ಲ ಬರೆದು, ಈ ಹೆಂಗಸನ್ನು ತೆಗೆಯಿರಿ ಅಂತ ಮುಗಿಸಿ ಮೇಡಂ ಕೈಗೆ ಕೊಟ್ಟೆ. ಶುಕ್ರವಾರ ಹನ್ನೊಂದಕ್ಕೆ ಬನ್ನಿ, ಆಕೆಯನ್ನೂ ಕರೆಸಿ ಕೇಳೋಣ ಅಂದರು.

"ಅವಳನ್ನ ತೆಗೆದ್ರೆ ನಮ್ಮವಳ ಪಕ್ಕ ಕೂರೋರು ಯಾರು?" ಅಂದಳು ಹೆಂಡತಿ.

"ಯಾರಾದ್ರೂ ಬರ್ತಾರೆ."

"ಹ್ಞೂಂ, ಕ್ಯೂ ನಿಂತಿದ್ದಾರೆ ಗೇಟಿನ ಹೊರಗೆ, ಈಗ ತಾನೇ ನೋಡ್ಕೊಂಡು ಬಂದೆ."

"ನಿನಗೆ ಮಗಳಿಗಿಂತ ಅವಳು ಹೆಚ್ಚಾ?"

"ನನಗೆ ಮಗಳು ಬೆಳಗ್ಗೆ ಎದ್ದು ತಾನಾಗೇ ಬ್ಯಾಗು ಹುಡುಕೋದು ಹೆಚ್ಚು. ಮಣಿ ಪೋಣಿಸೋ ಶಾಲೆಗೆ ಹೋಗುವಾಗ ಹುಡುಕ್ತಿದ್ಲಾ?"

ಹೆಂಡತಿ ಗೆದ್ದಾಗಲೆಲ್ಲ ನಾನು ಅಂಗಡಿಗೆ ಹೋಗುತ್ತೇನೆ.

ಗುರುವಾರ ಸಂಜೆ ಮಗಳು ಅಂಗಡಿಯ ಮೇಜಿನ ಮೇಲೆ ಮನೆಪಾಠ ಬರೆಯುತ್ತಿದ್ದಳು. ಪಕ್ಕದಲ್ಲಿ ನಾನು ರಟ್ಟಿಗೆ ಅಂಟು ಬಳಿಯುತ್ತಿದ್ದೆ. ಬರೆಯುವಾಗ ಅವಳು ಬಾಯಲ್ಲಿ ಹೇಳಿಕೊಳ್ಳುತ್ತಾಳೆ, ಮೊದಲಿನಿಂದಲೂ ಹಾಗೇ. "ತಲೆ ಮೇಲೆ... ಕೊಂಡಿ. ನಡುವೆ... ಅಡ್ಡಗೆರೆ. ಕೆಳಗೆ... ಸೊನ್ನೆ." ಕ ಆಯಿತು. ಬೇರೆ ಮಕ್ಕಳು ಅಕ್ಷರ ಬರೆಯುತ್ತಾರೆ. ಇವಳು ಅಕ್ಷರಕ್ಕೆ ದಾರಿ ಹೇಳಿ ಹೇಳಿ ನಡೆಸಿಕೊಂಡು ಬರುತ್ತಾಳೆ.

ಅಂಟು ತಗಲದಿರಲೆಂದು ಅವಳ ಪುಸ್ತಕವನ್ನು ಆಚೆ ಸರಿಸಿದೆ. ಬರೆದ ಹಾಳೆ ಮಗುಚಿಕೊಂಡಿತು. ಹಿಂದುಗಡೆ ಕೈ ಹೋಯಿತು. ನುಣ್ಣಗಿತ್ತು.

ಕೈ ಅಲ್ಲೇ ನಿಂತಿತು. ಮತ್ತೆ ಸವರಿದೆ. ಒಂದು ಗೆರೆಯೂ ಹಿಂದಕ್ಕೆ ಒತ್ತಿಕೊಂಡಿಲ್ಲ. ಹೇಗೆ ಒತ್ತಿಕೊಂಡೀತು? ನನ್ನ ಮಗಳ ಬೆರಳಿಗೆ ಪೆನ್ಸಿಲ್ ಹಿಡಿಯುವಷ್ಟೇ ಬಲ. ಅವಳು ಬರೆದದ್ದು ಕಾಣಬೇಕಾದರೆ ಹಾಳೆಯನ್ನು ದೀಪದ ಕೆಳಗೆ ಇಡಬೇಕು. ಅರವತ್ತು ಕ-ಗಳನ್ನು ಕಾಗದ ತೂತಾಗುವಷ್ಟು ಒತ್ತಿದ ಕೈ ಅವಳದಲ್ಲವೇ ಅಲ್ಲ. ಮೂವತ್ತು ವರ್ಷ ಕಾಗದ ಸವರಿದ ನಾನು, ಸೀಸದ ಪುಡಿ ಉಜ್ಜಿ ಗೂಢಚಾರನ ಹಾಗೆ ಎಣಿಸಿದ ನಾನು, ಇಷ್ಟನ್ನು ನೋಡಲಿಲ್ಲ. ಕೋಪ ಬಂದಾಗ ನನ್ನ ಹೆಬ್ಬೆರಳೂ ಕುರುಡು.

"ಮಗಳೇ, ಪುಸ್ತಕದ ನಡುವೆ ಕ ಕ ಕ ಅಂತ ಬರೆದಿತ್ತಲ್ಲ, ಅದು ಯಾರು?"

ಪೆನ್ಸಿಲ್ ಕೆಳಗಿಟ್ಟಳು.

"ಹೇಳ್ಬಾರ್ದು."

"ಯಾರು ಹೇಳ್ಬಾರ್ದು ಅಂದ್ರು?"

"ಬೆಂಚಕ್ಕ." ಆಮೇಲೆ ಹೆಮ್ಮೆಯಿಂದ, "ಮೊದ್ಲು... ಸೊನ್ನೆ ಹಾಕಕ್ಕೆ... ಬರ್ತಿರ್ಲಿಲ್ಲ. ನಾನು... ಹೇಳ್ಕೊಟ್ಟೆ. ಈಗ... ಬರುತ್ತೆ."

ನಾನು ಅಂಟಿನ ಕುಂಚ ಹಿಡಿದುಕೊಂಡೇ ಕೂತೆ. ಕುಂಚದಿಂದ ಅಂಟು ಸೋರಿ ಚಪ್ಪಲಿಯ ಮೇಲೆ ಬಿತ್ತು. ಕನ್ನಡಕ, ಸರ್ಟಿಫಿಕೇಟು, ನೀನೇ ಓದಿ ಹೇಳು, ಟೀಚರಮ್ಮ — ಮಡಚಿದ ಹಾಳೆಗಳ ಫಾರಂ ಒಂದೊಂದೇ ಜೋಡಿಸಿದ ಹಾಗೆ ಸರಿಯಾಗಿ ಕೂತವು. ಆಕೆಗೆ ಅಕ್ಷರವೇ ಬಾರದು.

ನನಗೆ ಕರುಣೆ ಉಕ್ಕಿತು ಅಂತ ನೀವು ತಿಳಿದರೆ ತಪ್ಪು. ಇನ್ನೂ ಜಾಸ್ತಿ ಸಿಟ್ಟು ಬಂತು. ಓದು ಬಾರದವಳನ್ನು ನನ್ನ ಮಗಳ ಪಕ್ಕ ಕೂರಿಸಿ, ಇಂಥ ಮಕ್ಕಳನ್ನೂ ಸೇರಿಸಿಕೊಂಡಿದ್ದೇವೆ ಅಂತ ಶಾಲೆಯವರು ಕಾಗದದಲ್ಲಿ ತೋರಿಸುತ್ತಿದ್ದಾರೆ! ಸುಳ್ಳು ಹೇಳಿದವಳು ಮಾತ್ರೆ ಕೊಡುತ್ತಿದ್ದಾಳೆ! ಇದನ್ನೆಲ್ಲ ಹೆಂಡತಿಯ ಮುಂದೆ ಕೂಗಿದೆ. ಅವಳು ಪಾತ್ರೆ ಒರೆಸುತ್ತಾ ಕೇಳಿಸಿಕೊಂಡಳು.

"ಸುಳ್ಳು ಹೇಳಿದ್ದು ತಪ್ಪೇ. ಮಾತ್ರೆದು ಇನ್ನೂ ದೊಡ್ಡ ತಪ್ಪು. ಆದ್ರೆ ಒಂದು ಕೇಳ್ತೀನಿ. ನಮ್ಮ ಮಗಳು ಹುಟ್ಟಿದಾಗಿಂದ ಎಲ್ಲರೂ ಅವಳಿಗೆ ಕಲಿಸೋರೇ. ಅವಳು ಹೇಳಿದ್ದನ್ನ ಕಲಿತೋರು ಯಾರಿದ್ದಾರೆ ಹೇಳಿ? ನೀವು ಕಲಿತಿದ್ದೀರಾ?"

"ನಾನು ಯಾಕೆ..."

"ಅದೇ. ಊಟ ಮಾಡಿ."

ಶುಕ್ರವಾರ ಹನ್ನೊಂದಕ್ಕೆ ಮೇಡಂ ಕೋಣೆಗೆ ಹೋಗುವಾಗಲೂ ನಾನು ಏನು ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ಒಂದು ಹಸಿರು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ವೇಳಾಪಟ್ಟಿ. ಬೆಂಚಕ್ಕ ಕೂರದೆ ಗೋಡೆಗೆ ಒರಗಿ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಕೆಲಸ ಹೋಗುವ ದಿನ ಇಸ್ತ್ರಿ ಮಾಡಿ ಉಡುವುದನ್ನು ಲಾಂಡ್ರಿಯವರು ಮಾತ್ರ ಮಾಡಿಯಾರು.

"ಬೆಂಚಕ್ಕ, ನಿಮ್ಮ ಮೇಲೆ ದೂರು ಬಂದಿದೆ." ಮೇಡಂ ನನ್ನ ಕಾಗದವನ್ನು ಮೇಜಿನ ಮೇಲೆ ಸರಿಸಿದರು. "ನಾನು ಓದಿ ಹೇಳೋದಕ್ಕಿಂತ ನೀವೇ ಓದಿ. ಏನು ಹೇಳ್ಬೇಕೋ ಹೇಳಿ. ಇದು ನಿಜ ಆದ್ರೆ ನಾಳೆಯಿಂದ ಬರೋದು ಬೇಡ."

ಮೇಡಂ ಅವರ ಕಣ್ಣು ಆಕೆಯ ಮೇಲಿತ್ತು. ಇವರಿಗೂ ಅನುಮಾನವಿದೆಯಾ? ಬೇಕೆಂದೇ ಓದಲು ಕೊಟ್ಟರಾ? ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಂಚಕ್ಕ ಕಾಗದ ಎತ್ತಿಕೊಂಡಳು. ಈ ಸಲ ಕನ್ನಡಕದ ಮಾತು ಬರಲಿಲ್ಲ. ಕಾಗದವನ್ನು ಮುಖದ ಹತ್ತಿರ ತಂದು ತುಟಿ ಅಲ್ಲಾಡಿಸಿದಳು. ನಾನು ಎರಡು ಮಾರು ದೂರದಲ್ಲಿದ್ದೆ, ನನಗೆ ಕೇಳಿಸಿತು.

"ತಲೆ ಮೇಲೆ ಕೊಂಡಿ..." ಪಿಸುಗುಡುತ್ತಿದ್ದಳು. "ಕೆಳಗೆ ಸೊನ್ನೆ..."

ನನ್ನ ಮಗಳ ಮಾತು. ನನ್ನ ಮಗಳ ನಿಧಾನ. ಐವತ್ತರ ಹತ್ತಿರದ ಹೆಂಗಸು ತನ್ನ ಕೆಲಸ ಕಿತ್ತುಕೊಳ್ಳುವ ಕಾಗದವನ್ನು ನನ್ನ ಮಗಳು ಹಾಕಿಕೊಟ್ಟ ದಾರಿಯಲ್ಲಿ ನಡೆದು ಓದಲು ನೋಡುತ್ತಿದ್ದಳು. ಇನ್ನು ಅರ್ಧ ನಿಮಿಷ ಬಿಟ್ಟರೆ ಆಕೆಯ ಗುಟ್ಟು ಮೇಜಿನ ಮೇಲೆ ಬೀಳುತ್ತದೆ. ಆಕೆ ಹೊರಗೆ, ಮಗಳು ಮನೆಯಲ್ಲಿ.

ನನ್ನ ಕೋಪಕ್ಕೆ ಊರಲ್ಲಿ ಹೆಸರಿದೆ. ಆ ಹೆಸರು ಉಪಯೋಗಕ್ಕೆ ಬಂದದ್ದು ಅವತ್ತೊಂದೇ ದಿನ. ಧಡಕ್ಕನೆ ಎದ್ದೆ, ಕುರ್ಚಿ ಹಿಂದಕ್ಕೆ ಬಿತ್ತು. ಆಕೆಯ ಕೈಯಿಂದ ಕಾಗದ ಕಿತ್ತುಕೊಂಡು ನಾಲ್ಕು ಚೂರು ಮಾಡಿದೆ.

"ಏನ್ರೀ ಇದು!" ಮೇಡಂ ನಿಂತೇಬಿಟ್ಟರು.

"ದೂರು ನಂದು, ವಾಪಸ್ ತಗೊಂಡೆ. ಹಾಳೆ ಯಾರೂ ಕಿತ್ತಿಲ್ಲ. ಹೊಲಿಯೋವಾಗ ನಾನೇ ನಾಲ್ಕು ಹಾಳೆ ಕಮ್ಮಿ ಹಾಕಿದ್ದೆ. ಎಣಿಕೆ ತಪ್ಪಿತ್ತು."

"ಗಂಟು ಬೇರೆಯವರದು ಅಂತ ಬರೆದಿದ್ರಿ?"

"ಅವತ್ತು ಎಡಗೈ ಬೆರಳು ಕೊಯ್ದುಕೊಂಡಿತ್ತು. ಬಲಗೈಲಿ ಕಟ್ಟಿದ್ದೆ. ಮರೆತುಹೋಯ್ತು."

"ಮತ್ತೆ ಮಾತ್ರೆ ವಿಷಯ?"

"ನನ್ನ ಅಕ್ಷರ ನೋಡಿದ್ದೀರಲ್ಲ ಮೇಡಂ. ಕೋಳಿ ಕೆರೆದ ಹಾಗಿದೆ. ನಾನು ಬರೆದ ಚೀಟಿ ನನ್ನ ಹೆಂಡ್ತಿಗೇ ಓದಕ್ಕಾಗಲ್ಲ. ಇವರಿಗೆ ಹೆಂಗೆ ಆಗುತ್ತೆ?"

ಮೇಡಂ ಚೂರುಗಳನ್ನು ನೋಡಿದರು, ಬೆಂಚಕ್ಕನನ್ನು ನೋಡಿದರು, ಕೊನೆಗೆ ನನ್ನನ್ನು. "ಹಾಳೆ ಎಣಿಸೋಕೆ ಬರದ ಬೈಂಡರಿಗೆ ನಾವು ಹಾಜರಿ ರಿಜಿಸ್ಟರ್ ಕೊಡ್ತಿದ್ದೀವಿ ಅನ್ನಿ" ಅಂದರು.

ಬೈಂಡರಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಹಲ್ಲು ಕಚ್ಚಿ, "ಹೌದು ಮೇಡಂ" ಅಂದೆ. ನನ್ನ ಬಾಯಿಂದ ಆ ಎರಡು ಮಾತು ಒಟ್ಟಿಗೆ ಬಂದದ್ದನ್ನು ಹೆಂಡತಿ ಕೇಳಿದ್ದರೆ ನಂಬುತ್ತಿರಲಿಲ್ಲ.

ಹೊರಗೆ ನಲ್ಲಿಗಳ ಸಾಲಿನ ಹತ್ತಿರ ಬೆಂಚಕ್ಕನನ್ನು ನಿಲ್ಲಿಸಿದೆ. ಆಕೆ ಮುಖ ತೊಳೆಯುತ್ತಿದ್ದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ನನ್ನ ಮಗಳಿಗೆ ಏನಾದ್ರೂ ಆಗಿದ್ರೆ ನಿನ್ನ ಬಿಡ್ತಿರಲಿಲ್ಲ. ಈಗಲೂ ನಂಬಿಕೆ ಬಂದಿಲ್ಲ, ತಿಳ್ಕೋ. ಯಾಕೆ ಸುಳ್ಳು ಹೇಳಿದೆ?"

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು. "ನಂಗೊಬ್ಬ ತಮ್ಮ ಇದ್ದ ಅಣ್ಣ. ಕಾಲು ಬರ್ತಿರ್ಲಿಲ್ಲ, ಕತ್ತು ನಿಲ್ತಿರ್ಲಿಲ್ಲ. ಅಪ್ಪ ಇಬ್ರನ್ನೂ ಒಂದೇ ದಿನ ಶಾಲೆಗೆ ಕರ್ಕೊಂಡು ಹೋದ್ರು. ಮೇಷ್ಟ್ರು ನಂಗೆ ಒಳಗೆ ಬಾ ಅಂದ್ರು, ಅವನಿಗೆ ಬೇಡ ಅಂದ್ರು. ಅಪ್ಪ ಅಮ್ಮ ಇಬ್ರೂ ಕೆಲ್ಸಕ್ಕೆ ಹೋಗೋರು. ಅವನ ಜೊತೆ ಮನೇಲಿ ಯಾರಾದ್ರೂ ಇರ್ಬೇಕಲ್ಲ. ಹಾಗಾಗಿ ನಾನೂ ಒಳಗೆ ಹೋಗ್ಲಿಲ್ಲ. ಇಪ್ಪತ್ಮೂರು ವರ್ಷ ಇದ್ದ. ಎತ್ತೋದು, ಉಣ್ಸೋದು, ತೊಳ್ಯೋದು, ಎಲ್ಲ ಅವನಿಂದ ಕಲ್ತಿದ್ದು. ಓದೊಂದು ಬಿಟ್ಟು."

ಮೇಷ್ಟ್ರು ಒಬ್ಬನಿಗೆ ಬಾಗಿಲು ಹಾಕಿದರು, ಹೊರಗೆ ಇಬ್ಬರು ಉಳಿದರು. ಎರಡನೆಯವಳನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

"ಇಲ್ಲಿ ಯಾರ ಹತ್ರನಾದ್ರೂ ಕಲೀಬಹುದಿತ್ತಲ್ಲ?"

"ಟೀಚರ್ ಹೇಳೋದು ಭಾರಿ ಫಾಸ್ಟು ಅಣ್ಣ. ಎಲ್ಲ ಮಕ್ಳೂ ಫಾಸ್ಟು. ನನ್ನ ಅಳತೆಗೆ ಸಿಕ್ಕಿದ್ದು ನಿಮ್ಮ ಮಗಳೊಬ್ಳೇ." ಆಮೇಲೆ ತಲೆ ತಗ್ಗಿಸಿ, "ಹಾಳೆ ಕದ್ದಿದ್ದು ತಪ್ಪು. ಕ್ಲಾಸಲ್ಲಿ ನನ್ನದೇ ಪುಸ್ತಕ ತೆಗೆದ್ರೆ ಎಲ್ಲರಿಗೂ ಗೊತ್ತಾಗುತ್ತಲ್ಲ" ಅಂದಳು.

"ಇನ್ಮೇಲೆ ಮಾತ್ರೆ ಚೀಟಿ ನಾನು ಬರೆಯಲ್ಲ. ಚಿತ್ರ ಹಾಕ್ತೀನಿ. ಪೂರ್ತಿ ಸೊನ್ನೆ ಅಂದ್ರೆ ಒಂದು, ಅರ್ಧ ಸೊನ್ನೆ ಅಂದ್ರೆ ಅರ್ಧ. ಬಾಯಲ್ಲೂ ಹೇಳ್ತೀನಿ, ನೀನು ತಿರುಗಿ ಹೇಳ್ಬೇಕು. ಕ್ಲಾಸ್ ಟೀಚರ್ ಮುಂದೇನೇ ಕೊಡ್ಬೇಕು. ಒಪ್ಪಿಗೆನಾ?"

"ಆಯ್ತು ಅಣ್ಣ."

"ಮತ್ತೆ, ನನ್ನ ಹೊಲಿಗೆ ಮುಟ್ಬೇಡ."

ಅದೇ ವಾರ ಎರಡು ನೋಟುಪುಸ್ತಕ ಹೊಲಿದೆ. ಒಂದೇ ರಟ್ಟು, ಒಂದೇ ನೀಲಿ ಬಣ್ಣ, ಒಂದೇ ಅಳತೆ, ಡೆಸ್ಕಿನ ಮೇಲಿಟ್ಟರೆ ಯಾವುದು ಯಾರದು ಅಂತ ಗೊತ್ತಾಗಬಾರದು. ಎರಡನೆಯದನ್ನು ಮಗಳ ಬ್ಯಾಗಿಗೆ ಹಾಕಿದೆ. "ಇದು... ಯಾರ್ದು?" ಅಂದಳು ಮಗಳು. "ನಿನ್ನ ಶಿಷ್ಯೆದು" ಅಂದೆ. ಅದು ಒಳಗೆ ಹೋಗಿ, ಕೂತು, ನೀರು ಕುಡಿದು ಬರುವಷ್ಟರಲ್ಲಿ ನಾನು ಚಪ್ಪಲಿ ಹಾಕಿಕೊಂಡಿದ್ದೆ. ಹಿಂದಿನಿಂದ ಅವಳ ನಗು ಕೇಳಿಸಿತು.

ಅನುಮಾನ ಬಿಟ್ಟುಹೋಯಿತಾ ಅಂತ ಕೇಳಬೇಡಿ. ಈಗಲೂ ಸಂಜೆ ಮಗಳ ಪುಸ್ತಕ ಎಣಿಸುತ್ತೇನೆ. ಮಗಳನ್ನು ಸೇರಿಸಿಕೊಂಡದ್ದಕ್ಕೆ ಶಾಲೆ ಕೊಟ್ಟ ಕಾರಣವನ್ನು ನಾನು ಇನ್ನೂ ನಂಬಿಲ್ಲ. ಮೇಲಿನಿಂದ ಇನ್ನೊಂದು ಕಾಗದ ಬಂದರೆ ಮತ್ತೆ ಬಾಗಿಲು ಹಾಕಲಿಕ್ಕಿಲ್ಲ ಅಂತ ಯಾರು ಹೇಳಿಯಾರು? ಮೇಡಮ್ಮಿಗೂ ನನ್ನ ಮೇಲೆ ನಂಬಿಕೆಯಿಲ್ಲ. ಹೊಸ ರಿಜಿಸ್ಟರು ಒಪ್ಪಿಸಲು ಹೋದರೆ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಬೆರಳಿಗೆ ನೀರು ಹಚ್ಚಿಕೊಂಡು, ಒಂದೊಂದೇ ಹಾಳೆ ಎಣಿಸುತ್ತಾರೆ. ಇನ್ನೂರು ಹಾಳೆ. ನನ್ನ ಕಿವಿ ಬಿಸಿಯಾಗುತ್ತದೆ, ಆದರೂ ನಿಂತಿರುತ್ತೇನೆ.

ಹೋದ ತಿಂಗಳು ಮಗಳ ಡೈರಿಯಲ್ಲಿ, ಕ್ಲಾಸ್ ಟೀಚರ್ ಬರೆಯುವ ಜಾಗದಲ್ಲಿ, ಬೇರೆಯದೇ ಒಂದು ಸಾಲಿತ್ತು. ಸೊಟ್ಟಪಟ್ಟ, ದೊಡ್ಡ ದೊಡ್ಡ ಅಕ್ಷರ. "ಅರ್ಧ ಮಾತ್ರೆ ಕೊಟ್ಟೆ."

ಮಗಳ ಕೈಯಲ್ಲೇ ಬರೆಸಿರಬಹುದು ಅಂತ ಮೊದಲು ಅನುಮಾನ ಬಂತು. ಹಾಳೆ ತಿರುಗಿಸಿ ಹಿಂದುಗಡೆ ಹೆಬ್ಬೆರಳಿನಿಂದ ಸವರಿದೆ. ಒಂದೊಂದು ಗೆರೆಯೂ ಕಾಗದ ಉಬ್ಬಿಸಿಕೊಂಡು ಬೆರಳಿಗೆ ತಾಕಿತು.